ಅಡ್ಡಗೆರೆ

ವಿದ್ಯಾರ್ಹತೆ ಎಂಬ ಖಾನೆಯಲ್ಲಿ
ನಾನೊಂದು ಅಡ್ಡಗೆರೆ ಎಳೆದೆ.
ಮೌಲಾಬಿ ಬಗ್ಗಿ ನೋಡಿದಳು.
'ಇದೇನು ಬರದಿ?'
'ಏನೂ ಇಲ್ಲ ಅಂತ, ಖಾಲಾ.'
'ಏನೂ ಇಲ್ಲ ಅನ್ನಾಕ ಇಷ್ಟು ಸಣ್ಣ ಗೆರಿ ಸಾಕೇನು?'
ನಕ್ಕು, ಇನ್ನೊಂದು ಮೊರ ಹೊಟ್ಟು
ಒಲೆಯ ಬಾಯಿಗೆ ಸುರಿದಳು.

ಬೆಳಗಿನ ಜಾವ ನಾಲ್ಕು. ದಾವಣಗೆರೆಯ ಭಟ್ಟಿ ಓಣಿಯಲ್ಲಿ
ಹೊಗೆ ಎದ್ದು ಕೂತಿದೆ, ನಾಯಿಗಳಿನ್ನೂ ಮಲಗಿವೆ.
ನನ್ನ ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ,
ಚೀಲದಲ್ಲಿ ಅರ್ಜಿಗಳ ಕಟ್ಟು,
ಮನೆಯ ಟ್ರಂಕಿನಲ್ಲಿ ಎರಡನೇ ರ‍್ಯಾಂಕಿನ ಆಹಾರ ವಿಜ್ಞಾನ.
ಹನ್ನೊಂದು ತಿಂಗಳ ಗುತ್ತಿಗೆ; ಉಳಿದದ್ದು ಮೂರು.

ಲಾರಿಯವನು ಚೀಲ ಇಳಿಸುವ ಮೊದಲೇ
ಒಂದು ಭತ್ತದ ಕಾಳು ಹಲ್ಲಿಗಿಟ್ಟು ಕಟಕ್ಕೆನಿಸಿ
'ನಾಲೆ ಬಾಲದ ಗದ್ದೀದು ಇದು. ಕಡೀ ನೀರು ಕಂಡಿಲ್ಲ.
ಇನ್ನೊಂದು ರಾತ್ರಿ ನೆನೀಬೇಕು' ಅಂದಳು.
ಲಾರಿಯವನು ಎತ್ತಲೋ ನೋಡಿದ.

ಉಪ್ಪುನೀರಿನ ಅಳತೆ ಅವಳಿಗೆ ನಾಲಗೆಯಲ್ಲಿಲ್ಲ,
ಮುಂಗೈಯಲ್ಲಿದೆ.
ಸುಟ್ಟ ಗಾಯದ ಮೇಲೆ ಒಂದು ಹನಿ ಬಿಟ್ಟು
ಉರಿ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಾಳೆ.
ಅಲ್ಲೊಂದು ಹಸಿ ಗಾಯ ಯಾವತ್ತೂ ಇರುತ್ತದೆ.

ಉಸುಕು ಕಾದದ್ದು ಕಿವಿಗೆ ತಿಳಿಯುತ್ತದಂತೆ.
'ಮೊದಲು ಗೊಣಗ್ತೈತಿ. ಆಮೇಲೆ ಸುಮ್ಮನಾಗ್ತೈತಿ.
ಸುಮ್ಮನಾದ ಮ್ಯಾಲೆ ಒಂದು ಉಸಿರು ಬಿಡು, ಹಾಕು.'
ಕಿವಿಗೊಟ್ಟೆ. ಕೇಳಿದ್ದು
ಮೂಲೆಯ ಟೇಬಲ್ ಫ್ಯಾನಿನ ಗಿರಗಿರ ಮಾತ್ರ.
ಅಕ್ಕಿ ಬಿತ್ತು. ಬಾಣಲೆ ತುಂಬ ಮಲ್ಲಿಗೆ ಬಿರಿದಂತೆ
ಅನ್ನಬೇಕೆನಿಸಿತು, ಅನ್ನಲಿಲ್ಲ;
ಅವಳಾಗಲೇ ಜರಡಿಗೆ ಸುರಿದು
ಅರಳದ ನಾಲ್ಕು ಕಾಳು ಹೆಕ್ಕಿ ಬೈಯುತ್ತಿದ್ದಳು,
ಚಕ್ಕರ್ ಹೊಡೆದ ಹುಡುಗರನ್ನು ಬೈದಂತೆ.

'ನೀವು ಶಾಲೆಗೆ ಹೋಗೇ ಇಲ್ವಾ?'
'ಹೋಗಿದ್ದೆ. ಮೂರು ದಿನ.
ಮಾಸ್ತರಿಗೆ ಮಂಡಕ್ಕಿ ಕೊಟ್ಟು ಬರಾಕ.'

ಮುಂದಿನ ವಾರ ಒಂದು ದಿನದ ತರಬೇತಿ.
ತಣ್ಣನೆಯ ಹಾಲು, ಬಿಳಿ ಪರದೆ, ಕೆಂಪು ಬೆಳಕಿನ ಚುಕ್ಕೆ.
'ಮರಳಿನ ಉಷ್ಣತೆ ಇನ್ನೂರೈವತ್ತು ಡಿಗ್ರಿ' ಎಂದರು ಸಾಹೇಬರು.
ಹಿಂದಿನ ಸಾಲಿನಿಂದ ಮೌಲಾಬಿಯ ಕೈ ಎದ್ದಿತು.
'ಯಾವ ತಿಂಗಳಾಗ್ರಿ?'
ಸಾಹೇಬರು ಕನ್ನಡಕ ಒರೆಸಿಕೊಂಡರು.
'ಸರಾಸರಿ' ಅಂದರು.
ಊಟದ ಸಾಲಿನಲ್ಲಿ ನನ್ನ ಸೆರಗು ಜಗ್ಗಿ ಕೇಳಿದಳು:
'ಸರಾಸರಿ ಅಂದ್ರ ಆಷಾಢಕ್ಕ ಮುಂಚೇನೋ, ಆಮೇಲೋ, ಬೇಟಿ?'
ನನ್ನ ರ‍್ಯಾಂಕು ಅನ್ನ ಸಾರು ಕಲಸುತ್ತ ಸುಮ್ಮನಿತ್ತು.

ಸಂಜೆ ಚಪ್ಪಾಳೆಯ ನಡುವೆ ಪ್ರಮಾಣಪತ್ರ.
ಹೊಳೆವ ಅಂಚು, ಎರಡು ಸಹಿ,
ನಡುವೆ ದಪ್ಪಕ್ಷರದಲ್ಲಿ: ಶ್ರೀ ಮೌಲಾಲಿ.
ಟೈಪು ಮಾಡಿದ್ದು ನಾನೇ. ತಿದ್ದಿ ಕೊಡ್ತೀನಿ ಅಂದೆ.
'ಇರಲಿ ಬಿಡು. ಯಾರೋ ಒಬ್ಬಾತ ಪಾಸಾದ,
ಖುಷಿ ಪಡು.'

ಮಳೆ ಹಿಡಿದ ಮೇಲೆ ಮತ್ತೆ ಹೋದೆ.
ಕೊರಳಲ್ಲಿ ಚೀಟಿ ಇರಲಿಲ್ಲ.
ಅವಳೂ ಕೇಳಲಿಲ್ಲ, ಕೂರಲು ಗೋಣಿಚೀಲ ಮಡಿಸಿಟ್ಟಳು.
ಕಂಬಕ್ಕೆ ಬಡಿದ ಮೊಳೆಯಲ್ಲಿ
ಶ್ರೀ ಮೌಲಾಲಿ ನೇತಾಡುತ್ತಿದ್ದರು,
ಗಾಜಿಲ್ಲ, ಚೌಕಟ್ಟಿಲ್ಲ, ಮೈತುಂಬ ಮಸಿ.

'ಬಾಳ ಚಲೋ ಕಾಗದ ಕೊಟ್ಟಾರ ನಿಮ್ಮೋರು.
ಗಾಳಿ ಹಸಿಯಾದ್ರ ಸಾಕು,
ಈ ಬಲಗಡಿ ಮೂಲಿ ಮ್ಯಾಲೇಳ್ತೈತಿ.
ಬೆರಳಿನಷ್ಟು ಎದ್ರ ಒಂದು ಮೊರ ಹೊಟ್ಟು ಹೆಚ್ಚಿಗೆ.
ಪೂರಾ ಸುರುಳಿ ಆತಂದ್ರ
ಅವತ್ತು ಉಪ್ಪು ಮುಟ್ಟಾಂಗಿಲ್ಲ.'

ಇಬ್ಬರೂ ಆ ಮೂಲೆಯನ್ನೇ ನೋಡಿದೆವು.
ನನ್ನವೆಲ್ಲ ಪ್ಲಾಸ್ಟಿಕ್ಕಿನೊಳಗಿವೆ, ಇಸ್ತ್ರಿ ಹಾಕಿದಂತೆ ಚಪ್ಪಟೆ,
ಯಾವ ಗಾಳಿಗೂ ಏಳುವುದಿಲ್ಲ
ಎಂದು ಹೇಳಿದೆನೋ, ಹೇಳಬೇಕೆಂದುಕೊಂಡೆನೋ.

ಒಂದು ಹಿಡಿ ಅಕ್ಕಿ ನನ್ನ ಕೈಗಿತ್ತಳು.
ಬಾಣಲೆಯ ಮುಂದೆ ನಿಂತೆ.
ಗೊಣಗುತ್ತಿದೆಯೇ, ಸುಮ್ಮನಾಯಿತೇ,
ಏನೊಂದೂ ತಿಳಿಯದೆ ಹಿಂತಿರುಗಿ ನೋಡಿದರೆ
ಮೌಲಾಬಿ ಗದರಿದಳು:
'ಮೊದಲು ಆ ಫ್ಯಾನು ಬಂದ್ ಮಾಡು.'